ಅಸ್ತ್ರ ಒಲೆಯ ಸೀಮೆಯಲ್ಲಿ

ಬೆಂಗಳೂರಿನಿಂದ ಮಂಗಳೂರಿನ ಹೆದ್ದಾರಿ ಹಿಡಿದ ಬಸ್ಸು ನೆಲಮಂಗಲದಲ್ಲಿ ಎಡಕ್ಕೆ ಹೊರಳಿ, ಹೊಲ ತೋಟಗಳ ನಡುವೆ ಓಡಿ ಕುಣಿಗಲ್ ಮುಟ್ಟುತ್ತದೆ. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕೆರೆ ಹಾಗೂ ಕುದುರೆ ಫಾರಂ, ಕುಣಿಗಲ್ ಎಂದೊಡನೆ ನೆನಪಾಗುವುದು ಇವೆರಡೇ. ಪ್ರವಾಸಿಗರು ಏರಿಯ ಮೇಲೆ ಒಂದಿಷ್ಟು ಹೊತ್ತು ನಿಂತು, ನೀರು ನೋಡಿ, ಯಡಿಯೂರಿನ ಸಿದ್ಧಲಿಂಗೇಶ್ವರನ ದರ್ಶನಕ್ಕೋ ಹಾಸನದ ಕಡೆಗೋ ಹೊರಟುಬಿಡುತ್ತಾರೆ. ಹೆದ್ದಾರಿ ಬಿಟ್ಟು ತಾಲ್ಲೂಕಿನ ದಕ್ಷಿಣಕ್ಕೆ ತಿರುಗುವವರು ಕಡಿಮೆ.

ಹಾಗೆ ತಿರುಗಿದರೆ ಹುಲಿಯೂರುದುರ್ಗದ ಬೆಟ್ಟ ದೂರದಿಂದಲೇ ಕಾಣಿಸುತ್ತದೆ. ಬೋರಲು ಹಾಕಿದ ಬಟ್ಟಲಿನಂಥ ಕಲ್ಲುಬೆಟ್ಟ, ಅದರ ಮೇಲೊಂದು ಹಳೆಯ ಕೋಟೆ. ಸುತ್ತಮುತ್ತ ರಾಗಿ ಹೊಲ, ಬದುವಿನಲ್ಲಿ ಹುಣಸೆ, ಹೊಂಗೆ. ನೀರಿರುವ ಕಡೆ ತೆಂಗು. ಮಳೆ ನಂಬಿದ ನೆಲ. ಮಂಡ್ಯದ ಗಡಿ ಇಲ್ಲಿಂದ ದೂರವಿಲ್ಲ, ಆದರೆ ಆ ಜಿಲ್ಲೆಯ ನಾಲೆ ನೀರಿನ ಹಸಿರು ಇಲ್ಲಿಗೆ ಬಂದಿಲ್ಲ. ಈ ಸೀಮೆಯ ಉಂಗ್ರ, ಪುರ ಮುಂತಾದ ಹಳ್ಳಿಗಳಲ್ಲಿ ಪ್ರವಾಸಿ ಕೈಪಿಡಿಗಳು ಹೆಸರಿಸುವಂಥ ಗುಡಿ ಗೋಪುರಗಳಿಲ್ಲ. ಆದರೂ ಜಗತ್ತಿನ ಹಲವು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಈ ಎರಡು ಹೆಸರುಗಳು ಸಿಗುತ್ತವೆ. ಅದಕ್ಕೆ ಕಾರಣ ಇಲ್ಲಿನ ಅಡುಗೆಮನೆಗಳು.

ಮಣ್ಣಿನ ಒಲೆಯ ಸಂಸಾರ

ಹಳೆಯ ಮೈಸೂರು ಸೀಮೆಯ ಅಡುಗೆಮನೆ ಹೇಗಿತ್ತು ಎಂಬುದನ್ನು ಇಂದಿನ ಅಜ್ಜಿಯರು ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. ಮೂಲೆಯಲ್ಲಿ ಸಗಣಿ ಸಾರಿಸಿದ ಮಣ್ಣಿನ ಒಲೆ, ಅದರ ಮಗ್ಗುಲಿಗೆ ಉಳಿದ ಉರಿಯಲ್ಲಿ ಸಾರು ಕುದಿಯಲೆಂದು ಕೋಡೊಲೆ. ಪಕ್ಕದಲ್ಲಿ ಊದುಗೊಳವೆ. ಮೇಲೆ ಅಟ್ಟ, ಅಟ್ಟದ ಮೇಲೆ ಮಳೆಗಾಲಕ್ಕೆಂದು ಒಣಗುತ್ತಿರುವ ಸೌದೆ, ಬೀಜಕ್ಕೆ ಎತ್ತಿಟ್ಟ ಜೋಳದ ತೆನೆ. ಹೊಗೆ ಹೋಗಲು ಇದ್ದದ್ದು ಹೆಂಚಿನ ಸಂದು, ಇಲ್ಲವೇ ಒಂದು ಬೆಳಕಿಂಡಿ. ಹೋಗದೆ ಉಳಿದ ಹೊಗೆ ಸೂರಿನ ತೊಲೆಗಳಿಗೆ ಹತ್ತಿ, ಕಪ್ಪಗೆ ಜೋತಾಡುವ ಇಲ್ಲಣವಾಗುತ್ತಿತ್ತು.

ಈ ಹೊಗೆಯನ್ನು ಹಳ್ಳಿಯ ಜನ ಸುಮ್ಮನೆ ಸಹಿಸಿಕೊಂಡಿದ್ದರು ಎಂದು ತಿಳಿಯುವುದು ತಪ್ಪು. ಅದಕ್ಕೊಂದು ಉಪಯೋಗವೂ ಇತ್ತು. ಹೊಗೆಯಾಡುವ ಸೂರಿಗೆ ಗೆದ್ದಲು ಹತ್ತುತ್ತಿರಲಿಲ್ಲ, ಅಟ್ಟದ ಬೀಜಕ್ಕೆ ಹುಳು ಬೀಳುತ್ತಿರಲಿಲ್ಲ, ಮನೆಯಲ್ಲಿ ಸೊಳ್ಳೆ ಕಡಿಮೆ. ಒಲೆಯನ್ನು ಕಟ್ಟಲು ಖರ್ಚಿಲ್ಲ; ಒಡೆದರೆ ಮನೆಯ ಹೆಂಗಸೇ ಒಂದು ಮಧ್ಯಾಹ್ನದಲ್ಲಿ ಮೆತ್ತಿಕೊಳ್ಳುತ್ತಿದ್ದಳು. ಯಾವ ಸೌದೆಯಾದರೂ ಆದೀತು, ಎಷ್ಟು ಉದ್ದದ್ದಾದರೂ ಆದೀತು. ಉರಿದಂತೆ ಒಳಗೆ ನೂಕಿದರಾಯಿತು. ಹೊಸ ಒಲೆ ತಂದವರೆಲ್ಲರೂ ಪೈಪೋಟಿ ನಡೆಸಬೇಕಾದದ್ದು ಇಂಥ ಒಲೆಯೊಂದಿಗೆ.

ಉಪಯೋಗದ ಜೊತೆಗೆ ದಂಡವೂ ಇತ್ತು. ಅದನ್ನು ತೆತ್ತವರು ಒಲೆಯ ಮುಂದೆ ಕೂರುವವರು: ಕಣ್ಣೀರು ಒರೆಸಿಕೊಳ್ಳುತ್ತ ಊದುವ ತಾಯಿ, ಅವಳ ಮಡಿಲಲ್ಲೋ ಬೆನ್ನ ಹಿಂದೆಯೋ ಇರುವ ಕೂಸು. ಅಜ್ಜಿಯ ಕೆಮ್ಮನ್ನು ವಯಸ್ಸಿನ ಕೆಮ್ಮೆಂದೂ, ಕೂಸಿನ ಉಬ್ಬಸವನ್ನು ಶೀತವೆಂದೂ ಕರೆದು ಮನೆಯವರು ಸುಮ್ಮನಾಗುತ್ತಿದ್ದರು.

ಒಲೆಯ ಲೆಕ್ಕ ಹಾಕಲು ಬಂದವರು

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಂದು ಹೊಸ ಪ್ರಯತ್ನ ಶುರುವಾಯಿತು. ವಿದ್ಯುತ್ ರಸಾಯನ ವಿಜ್ಞಾನದಲ್ಲಿ ಅಂತರರಾಷ್ಟ್ರೀಯ ಹೆಸರು ಗಳಿಸಿದ್ದ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ, ಸಂಸ್ಥೆಯ ವಿಜ್ಞಾನ ಹಳ್ಳಿಗೆ ಏನು ಕೊಟ್ಟಿದೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಗ್ರಾಮಾಂತರ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಆ ಪ್ರಯತ್ನದ ಗುರಿ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಅಸ್ತ್ರ' ಎಂದಾಗುತ್ತಿತ್ತು. ಅದೇ ವಿಭಾಗ ಇಂದು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಎಂಬ ಹೆಸರಿನಲ್ಲಿದೆ. ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ತೆರೆಯಿತು.

ಅವರು ಮೊದಲು ಮಾಡಿದ ಕೆಲಸ ಏನನ್ನೂ ಕಟ್ಟುವುದಲ್ಲ, ಎಣಿಸುವುದು. 1970ರ ದಶಕದ ಕೊನೆಯ ವರ್ಷಗಳಲ್ಲಿ ಈ ಸೀಮೆಯ ಆರು ಹಳ್ಳಿಗಳ ಮನೆ ಮನೆಗೆ ಹೋಗಿ ಯಾರು ಎಷ್ಟು ಸೌದೆ ತರುತ್ತಾರೆ, ಎಷ್ಟು ದೂರ ನಡೆಯುತ್ತಾರೆ, ಎಷ್ಟು ನೀರು ಹೊರುತ್ತಾರೆ, ಎತ್ತು ಎಷ್ಟು ಹೊತ್ತು ದುಡಿಯುತ್ತದೆ ಎಂದು ಬರೆದುಕೊಂಡರು. ಆಗ ಪುರದಲ್ಲಿ ಇದ್ದದ್ದು 56 ಮನೆ, 357 ಜನ. ಇಷ್ಟು ಚಿಕ್ಕ ಊರಿನ ಲೆಕ್ಕ ದೊಡ್ಡ ಮಾತೊಂದನ್ನು ಹೇಳಿತು. ಊರು ಬಳಸುವ ಒಟ್ಟು ಶಕ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಸೌದೆಯದು. ಕರೆಂಟು, ಸೀಮೆಎಣ್ಣೆ ಎಲ್ಲ ಸೇರಿದರೂ ತೀರ ಅಲ್ಪ. ಆ ಸೌದೆಯ ಬಹುಪಾಲು ಹೋಗುತ್ತಿದ್ದುದು ಎರಡೇ ಕೆಲಸಕ್ಕೆ: ಅಡುಗೆ ಮಾಡಲು, ಸ್ನಾನದ ನೀರು ಕಾಯಿಸಲು.

ಇನ್ನೊಂದು ಸಂಗತಿಯೂ ಹೊರಬಿತ್ತು. ಹಳ್ಳಿಯವರು ಒಲೆಗಾಗಿ ಕಾಡು ಕಡಿಯುತ್ತಾರೆ ಎಂಬುದು ಆಗ ಪಟ್ಟಣದವರ ದೂರು. ಆದರೆ ಇಲ್ಲಿನ ಮನೆಗಳಿಗೆ ಬರುತ್ತಿದ್ದುದು ಹೆಚ್ಚಾಗಿ ಹೆಂಗಸರು, ಮಕ್ಕಳು ಆರಿಸಿ ತಂದ ಪುಳ್ಳೆ, ಒಣರೆಂಬೆ. ಅದಕ್ಕೆ ಹಣ ಕೊಡಬೇಕಿರಲಿಲ್ಲ, ಕಾಲ ಕೊಡಬೇಕಿತ್ತು. ಹಣದ ಲೆಕ್ಕದಲ್ಲಿ ಸೊನ್ನೆಯಾಗಿ ಕಾಣುವ ಈ ಇಂಧನದ ಬೆಲೆ ಹೆಣ್ಣುಮಕ್ಕಳ ದಿನದ ಗಂಟೆಗಳಲ್ಲಿ ಅಡಗಿತ್ತು.

ಹೊಗೆ ಎಂದರೇನು?

ಶಾಲೆಯ ಮಕ್ಕಳು ಈ ಪ್ರಶ್ನೆಗೆ ಉತ್ತರ ಹುಡುಕಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಸೌದೆ ಕಾದಾಗ ಮೊದಲು ಅದರಿಂದ ಅನಿಲಗಳು ಹೊರಡುತ್ತವೆ. ನಾವು ಉರಿ ಎಂದು ಕರೆಯುವುದು ಆ ಅನಿಲಗಳು ಹತ್ತಿಕೊಂಡಾಗ ಕಾಣುವ ಬೆಳಕನ್ನು. ಅವು ಪೂರ್ತಿ ಉರಿಯಲು ಸಾಕಷ್ಟು ಗಾಳಿ, ಸಾಕಷ್ಟು ಶಾಖ, ಉರಿಯುವ ಜಾಗದಲ್ಲಿ ಒಂದಿಷ್ಟು ಹೊತ್ತು ನಿಲ್ಲುವ ಅವಕಾಶ, ಈ ಮೂರೂ ಬೇಕು. ಬಾಯ್ತೆರೆದ ಒಲೆಯಲ್ಲಿ ಮೂರೂ ಒಟ್ಟಿಗೆ ಸಿಗುವುದಿಲ್ಲ. ಉರಿಯದೆ ತಪ್ಪಿಸಿಕೊಂಡ ಸೌದೆಯೇ ಹೊಗೆ. ಕಣ್ಣು ಉರಿಸುವ ಹೊಗೆಯೆಲ್ಲ ತಾಯಿಯೋ ಮಗಳೋ ತಲೆ ಮೇಲೆ ಹೊತ್ತು ತಂದು ವ್ಯರ್ಥವಾದ ಸೌದೆ ಎಂದೇ ತಿಳಿಯಬಹುದು.

ಆ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ಜೊತೆಗೆ ಪಿಎಂ 2.5 ಎಂದು ಕರೆಯುವ ಅತಿಸಣ್ಣ ಕಣಗಳಿರುತ್ತವೆ. ಅವು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡೂವರೆ ಪಾಲಿಗಿಂತ ಚಿಕ್ಕವು. ತಲೆಗೂದಲಿನ ದಪ್ಪದ ಮುಂದೆ ಏನೇನೂ ಅಲ್ಲ. ಮೂಗಿನ ರೋಮ ಅವನ್ನು ತಡೆಯಲಾರದು. ಶ್ವಾಸಕೋಶದ ತುದಿಯವರೆಗೂ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿಕೊಟ್ಟ ಮಿತಿಯಂತೆ, ಒಂದು ಘನ ಮೀಟರ್ ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ 5 ಮೈಕ್ರೊಗ್ರಾಂ ದಾಟಬಾರದು. ಸೌದೆ ಒಲೆ ಉರಿಯುತ್ತಿರುವ ಮುಚ್ಚಿದ ಅಡುಗೆಮನೆಯಲ್ಲಿ ಅದು ನೂರಾರು, ಕೆಲವೊಮ್ಮೆ ಸಾವಿರಾರು ಮೈಕ್ರೊಗ್ರಾಂ ಮುಟ್ಟುತ್ತದೆ.

ಇದನ್ನು ಜಗತ್ತಿನ ಗಮನಕ್ಕೆ ತಂದ ಮೊದಲ ಅಳತೆಗಳಲ್ಲಿ ಒಂದು ನಡೆದದ್ದು ಭಾರತದಲ್ಲೇ. ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ ಮತ್ತು ಭಾರತೀಯ ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆ ಪುಟ್ಟ ಉಪಕರಣ ಕಟ್ಟಿ, ಅವರು ಉಸಿರಾಡುವ ಗಾಳಿಯನ್ನು ಅಳೆದರು. 1983ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಅಡುಗೆಯ ಹೊತ್ತಿನಲ್ಲಿ ಅವರು ಸೇವಿಸುತ್ತಿದ್ದ ಗಾಳಿಯಲ್ಲಿ, ದೊಡ್ಡವು ಸಣ್ಣವು ಎಲ್ಲ ಕಣಗಳೂ ಸೇರಿ, ಘನ ಮೀಟರಿಗೆ ಸರಾಸರಿ 7 ಮಿಲಿಗ್ರಾಂ ಸಮೀಪ ದೂಳಿತ್ತು. ಅಲ್ಲಿಯವರೆಗೆ ವಾಯುಮಾಲಿನ್ಯವೆಂದರೆ ಕಾರ್ಖಾನೆ, ಮೋಟಾರು ಎಂದು ತಿಳಿದಿದ್ದವರಿಗೆ ಅದು ಹೊಸ ಪಾಠ.

ಇಂದಿನ ಲೆಕ್ಕ ಇನ್ನೂ ಗಂಭೀರ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಹೃದ್ರೋಗ, ಪಾರ್ಶ್ವವಾಯು, ವರ್ಷಗಟ್ಟಲೆ ಕಾಡುವ ಶ್ವಾಸಕೋಶದ ಕಾಯಿಲೆ, ಶ್ವಾಸಕೋಶದ ಕ್ಯಾನ್ಸರ್. ಕಣ್ಣಿನ ಪೊರೆಗೂ ಹೊಗೆಗೂ ನಂಟಿದೆ.

ಮೂರು ಪಾತ್ರೆಯ ಒಲೆ

ಹೊಗೆಯಿಲ್ಲದ ಒಲೆಯ ಯೋಚನೆ ಅಸ್ತ್ರದವರಿಗೇ ಮೊದಲು ಹೊಳೆದದ್ದಲ್ಲ. ವಾರ್ಧಾದ ಮಗನವಾಡಿಯಲ್ಲಿ 1940ರ ದಶಕದಲ್ಲೇ ಮಗನ್ ಒಲೆ ಬಂದಿತ್ತು. 1950ರ ದಶಕದ ಆರಂಭದಲ್ಲಿ ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು ಹೊಗೆರಹಿತ ಅಡುಗೆಮನೆಯ ಬಗ್ಗೆ ಪುಸ್ತಕವನ್ನೇ ಬರೆದಿದ್ದರು. ಅಲ್ಲಿಂದೀಚೆಗೆ ಒಲೆಗಳು ಬಂದವು, ಹೋದವು.

1980ರ ದಶಕದ ಆರಂಭದಲ್ಲಿ ಎಸ್.ಎಸ್. ಲೋಕ್ರಾಸ್, ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ರೂಪಿಸಿದ 'ಅಸ್ತ್ರ ಒಲೆ' ಮಣ್ಣಿನ ಒಲೆಯ ದೋಷಗಳನ್ನು ಒಂದೊಂದಾಗಿ ಎಣಿಸಿ ತಿದ್ದಿತು. ಬೆಂಕಿಯ ಗೂಡನ್ನು ಮುಚ್ಚಿ ಅದಕ್ಕೊಂದು ಬಾಗಿಲಿಟ್ಟರು. ಸೌದೆಯ ಕೆಳಗೆ ಕಬ್ಬಿಣದ ಸರಳಿನ ಜಾಲರಿ ಬಂತು. ಬೂದಿ ಕೆಳಗೆ ಬಿದ್ದು, ಗಾಳಿ ಕೆಳಗಿನಿಂದ ಮೇಲೇಳುತ್ತದೆ. ಪಾತ್ರೆಗಳು ಮೂರು ಗುಣಿಗಳಲ್ಲಿ ಸಾಲಾಗಿ ಕೂರುತ್ತವೆ. ಮೊದಲ ಪಾತ್ರೆಗೆ ತಾಕಿದ ಬಿಸಿಗಾಳಿ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗಿ, ಕೊನೆಗೆ ಕೊಳವೆಯ ಮೂಲಕ ಸೂರಿನಾಚೆಗೆ ಹೊರಡುತ್ತದೆ. ಹಳೆಯ ಒಲೆಯಲ್ಲಿ ಸೌದೆಯ ಶಾಖದ ನೂರರಲ್ಲಿ ಹತ್ತು ಹದಿನೈದು ಪಾಲು ಮಾತ್ರ ಅಡುಗೆಗೆ ಸಲ್ಲುತ್ತಿದ್ದರೆ, ಇಲ್ಲಿ ಪರೀಕ್ಷೆಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಸಂದಿತು. ಸೌದೆ ಅರ್ಧಕ್ಕಿಳಿಯುವ ಭರವಸೆ. ಒಲೆಯ ಮುಂದೆ ಕಣ್ಣೀರಿಲ್ಲ. ಮೂರನೆಯ ಗುಣಿಯಲ್ಲಿ ಪುಕ್ಕಟೆಯಾಗಿ ಬಿಸಿನೀರು.

ಕೇಂದ್ರ ಸರ್ಕಾರ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕದ ಹಳ್ಳಿಗಳಿಗೆ ಹೋದದ್ದು ಹೆಚ್ಚಾಗಿ ಇದೇ ಒಲೆ. ದೇಶದಾದ್ಯಂತ ಬೇರೆ ಬೇರೆ ಮಾದರಿಗಳು ಸೇರಿ 3 ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಿದ ಆ ಕಾರ್ಯಕ್ರಮ 2002ರಲ್ಲಿ ನಿಂತಿತು. ಅಷ್ಟೊಂದು ಒಲೆಗಳು ಏನಾದವು?

ಮುದ್ದೆ ಕೇಳುವ ಪ್ರಶ್ನೆಗಳು

ಉತ್ತರ ಬೇಕಾದವರು ರಾಗಿ ಮುದ್ದೆ ಮಾಡುವುದನ್ನು ಒಮ್ಮೆ ನಿಂತು ನೋಡಬೇಕು. ಎಸರು ಕುದಿಯುವಾಗ ಹಿಟ್ಟು ಸುರಿದು, ಬೇಯಲು ಬಿಟ್ಟು, ಆಮೇಲೆ ಪಾತ್ರೆಯ ಕಂಠವನ್ನು ಕವೆಗೋಲಿನಿಂದ ಒತ್ತಿ ಹಿಡಿದು ಮುದ್ದೆ ಕೋಲಿನಲ್ಲಿ ತೊಳಸಬೇಕು. ರಟ್ಟೆಯ ಬಲವೆಲ್ಲ ಪಾತ್ರೆಯ ಮೇಲೆ, ಪಾತ್ರೆಯ ಭಾರವೆಲ್ಲ ಒಲೆಯ ಮೇಲೆ. ಅಳತೆ ಹಿಡಿದು ಕಟ್ಟಿದ ಒಲೆಯ ಅಂಚು ಇಂಥ ತೊಳಸಾಟಕ್ಕೆ ದಿನವೂ ಸಿಕ್ಕರೆ ಬಿರುಕು ಬಿಡದಿರುತ್ತದೆಯೇ? ಬಿರುಕಿನಲ್ಲಿ ಹೊಗೆ ಒಳಗೇ ಬರುತ್ತದೆ. ಹಳೆಯ ಒಲೆಯಾದರೆ ಮನೆಯವಳೇ ಮೆತ್ತಿಕೊಳ್ಳುತ್ತಿದ್ದಳು. ಈ ಒಲೆಯಲ್ಲಿ ಅಳತೆ ತಪ್ಪಿದರೆ ಗುಣವೇ ತಪ್ಪುತ್ತದೆ, ಕಲಿತವರೇ ಬರಬೇಕು.

ಪ್ರಶ್ನೆಗಳು ಅಲ್ಲಿಗೆ ಮುಗಿಯುವುದಿಲ್ಲ. ಗುಣಿಯಲ್ಲಿ ಕೂರುವ ಅಳತೆಯ ಪಾತ್ರೆ ಬೇಕು. ಒಂದು ಪಾತ್ರೆ ಎತ್ತಿದರೆ ಆ ಬಾಯಿಂದ ಹೊಗೆ ಬರುತ್ತದೆ, ಮುಚ್ಚಬೇಕು. ಬಾಗಿಲಿರುವ ಒಲೆಗೆ ಉದ್ದ ಸೌದೆ ಹಿಡಿಸದು; ಸಿಗಿದು ತುಂಡು ಮಾಡಬೇಕು. ಆ ಕೊಡಲಿ ಕೆಲಸ ಯಾರದು? ಕೊಳವೆಯೊಳಗೆ ಮಸಿ ಕಟ್ಟುತ್ತದೆ. ಆಗಾಗ ಸೂರು ಹತ್ತಿ ತೆಗೆಯಬೇಕು. ಹೆಂಚು ಹತ್ತುವ ಗಂಡಸು ಒಲೆಯ ಮುಂದೆ ಕೂರುವುದಿಲ್ಲ. ಒಲೆಯ ಮುಂದೆ ಕೂರುವ ಹೆಂಗಸು ಹೆಂಚು ಹತ್ತುವುದಿಲ್ಲ. ಕೊಳವೆ ಕಟ್ಟಿಕೊಂಡ ದಿನದಿಂದ ಹೊಗೆ ಮತ್ತೆ ಅಡುಗೆಮನೆಗೇ ತಿರುಗುತ್ತದೆ. ಆಗ ಹೊಸ ಒಲೆಯ ಪಕ್ಕದಲ್ಲೇ ಮೂರು ಕಲ್ಲು ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ.

ಇದು ಒಂದು ಸೀಮೆಯ ಕಥೆಯಲ್ಲ. ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಒಡಿಶಾದ 44 ಹಳ್ಳಿಗಳಲ್ಲಿ ಸುಮಾರು 2,600 ಮನೆಗಳನ್ನು ನಾಲ್ಕು ವರ್ಷಗಳ ಕಾಲ ಗಮನಿಸಿದರು. ಕೊಳವೆಯಿರುವ ಒಲೆಗಳನ್ನು ಚೀಟಿ ಎತ್ತಿ ಹಂಚಲಾಗಿತ್ತು. ಮೊದಲ ವರ್ಷ ಹೆಂಗಸರು ಸೇವಿಸುವ ಹೊಗೆ ನಿಜಕ್ಕೂ ಇಳಿಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಒಲೆಗಳು ಬಿರುಕು ಬಿಟ್ಟವು, ದುರಸ್ತಿಯಾಗಲಿಲ್ಲ, ಬಳಕೆ ಕುಗ್ಗಿತು. ಶ್ವಾಸಕೋಶದ ಶಕ್ತಿಯಲ್ಲಾಗಲಿ ಸೌದೆಯ ಖರ್ಚಿನಲ್ಲಾಗಲಿ ಬದಲಾವಣೆ ಕಾಣಲಿಲ್ಲ. ಪ್ರಯೋಗಾಲಯದಲ್ಲಿ ಗೆದ್ದ ಒಲೆ ಅಡುಗೆಮನೆಯಲ್ಲಿ ಸೋಲುವುದು ಹೀಗೆ.

ಪುರದವರು ಕಲಿಸಿದ ಪಾಠ

ಪುರದಲ್ಲಿ ಇನ್ನೊಂದು ಪ್ರಯತ್ನವೂ ನಡೆದಿತ್ತು. ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ಅನಿಲ ತಯಾರಿಸಿ, ಮನೆಮನೆಗೆ ಅಡುಗೆಗೆ ಕೊಡುವುದು ಮೊದಲ ಯೋಜನೆ. ಅದು ಕೈಗೂಡಲಿಲ್ಲ; ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ವಿದ್ಯುತ್ ತಯಾರಿಸಿದರು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಿಗೆ ದೀಪ ಬಂತು. ತಂದ ಸಗಣಿಗೆ ಕಿಲೋಗೆ 2 ಪೈಸೆ ಕೂಲಿ. ಅನಿಲ ತೆಗೆದ ಮೇಲೆ ಉಳಿದ ಗೊಬ್ಬರ ಅವರವರಿಗೇ ವಾಪಸು. ಊರವರೇ ನೋಡಿಕೊಂಡ ಈ ವ್ಯವಸ್ಥೆ ಸುಮಾರು ಒಂದು ದಶಕ ನಡೆಯಿತು.

ಹೊಗೆ ಓಡಿಸಲು ಹೊರಟ ಯೋಜನೆ ಕೊನೆಗೆ ಊರಿನವರ ಸಹಕಾರ ಗಳಿಸಿದ್ದು ನೀರು ಕೊಟ್ಟಾಗ. ಹೊರಗಿನವರ ಕಣ್ಣಿಗೆ ಹಳ್ಳಿಯ ಹೆಂಗಸಿನ ಮೊದಲ ಕಷ್ಟ ಹೊಗೆ. ಅವಳ ಲೆಕ್ಕದಲ್ಲಿ ಅದಕ್ಕೂ ಮುಂದೆ ಬೇರೆ ಸಾಲುಗಳಿರಬಹುದು: ಬಿಂದಿಗೆ, ಕೂಲಿ, ಮಕ್ಕಳ ಫೀಸು. ಹೊಗೆಯ ಕೇಡು ನಿಧಾನವಾದದ್ದು. ಇಪ್ಪತ್ತು ವರ್ಷದ ನಂತರ ಬರುವ ಉಬ್ಬಸಕ್ಕಾಗಿ ಇವತ್ತು ಹಣ ತೆಗೆದಿಡುವ ಅನುಕೂಲ ಬಡವರ ಮನೆಯಲ್ಲಿ ಇರುವುದಿಲ್ಲ. ಒಲೆ ಕೊಡುವವರು ಈ ಲೆಕ್ಕವನ್ನು ಓದದಿದ್ದರೆ ಒಲೆ ಮೂಲೆ ಸೇರುತ್ತದೆ.

ಸಿಲಿಂಡರ್ ಬಂತು, ನೀರೊಲೆ ಉಳಿಯಿತು

2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಪ್ರಧಾನಮಂತ್ರಿ ಉಜ್ವಲಾ ಯೋಜನೆ ಆರಂಭವಾಯಿತು. ಬಡ ಕುಟುಂಬದ ಹೆಂಗಸಿನ ಹೆಸರಿನಲ್ಲೇ ಅಡುಗೆ ಅನಿಲದ ಸಂಪರ್ಕ. ಮುಂದೆ ಇಂಥ ಸಂಪರ್ಕಗಳ ಸಂಖ್ಯೆ 10 ಕೋಟಿ ದಾಟಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದ ಶೇ. 58.6ರಷ್ಟು ಮನೆಗಳು ಅಡುಗೆಗೆ ಶುದ್ಧ ಇಂಧನ ಬಳಸುತ್ತಿದ್ದವು, ಗ್ರಾಮಾಂತರದಲ್ಲಿ ಶೇ. 43.2. ಕರ್ನಾಟಕ ಶೇ. 80ರ ಸಮೀಪ ಮುಟ್ಟಿತ್ತು. ಅಸ್ತ್ರ ಒಲೆಯ ಕಾಲದಲ್ಲಿ ಊಹಿಸಲೂ ಆಗದಿದ್ದ ಬದಲಾವಣೆ ಇದು.

ಆದರೆ ಸಂಪರ್ಕ ಬೇರೆ, ಬಳಕೆ ಬೇರೆ. ಒಂದು ಸಂಸಾರದ ಅಡುಗೆಯೆಲ್ಲ ಅನಿಲದಲ್ಲೇ ಆಗಬೇಕಾದರೆ 14.2 ಕಿಲೋದ ಸಿಲಿಂಡರ್ ವರ್ಷಕ್ಕೆ ಏಳೆಂಟಾದರೂ ಬೇಕು. ಉಜ್ವಲಾ ಮನೆಗಳು 2019–20ರಲ್ಲಿ ತುಂಬಿಸಿಕೊಂಡದ್ದು ಸರಾಸರಿ 3ರ ಆಸುಪಾಸು. ನಂತರದ ವರ್ಷಗಳಲ್ಲಿ ಅದು 4ರ ಆಸುಪಾಸಿಗೆ ಏರಿತು. ಅಂದರೆ ಕಾಫಿ, ಒಗ್ಗರಣೆ, ನೆಂಟರು ಬಂದಾಗಿನ ಅವಸರದ ಅಡುಗೆ ಅನಿಲದಲ್ಲಿ; ಹೊತ್ತು ಹಿಡಿಯುವ ಅಡುಗೆ ಸೌದೆಯಲ್ಲಿ. ಕೈಯಲ್ಲಿ ಕಾಸಿದ್ದ ತಿಂಗಳು ಅನಿಲ, ಇಲ್ಲದ ತಿಂಗಳು ಪುಳ್ಳೆ.

ಇದರ ಜೊತೆಗೆ ಸಮೀಕ್ಷೆಯ ಕಣ್ಣಿಗೆ ಬೀಳದ ಇನ್ನೊಂದು ಬೆಂಕಿ ಈ ಸೀಮೆಯಲ್ಲಿದೆ. ಅದು ಬಚ್ಚಲಿನ ನೀರೊಲೆ. ಸಮೀಕ್ಷೆಯವರು ಕೇಳುವುದು ಅಡುಗೆಗೆ ಮುಖ್ಯವಾಗಿ ಬಳಸುವ ಇಂಧನ ಯಾವುದೆಂದು. ಹಂಡೆಯ ಕೆಳಗೆ ಏನು ಉರಿಯುತ್ತದೆ ಎಂದು ಕೇಳುವುದಿಲ್ಲ. ತೆಂಗಿನ ಗರಿ, ಮಟ್ಟೆ, ಕರಟ, ಹಿಪ್ಪುನೇರಳೆ ಕಡ್ಡಿ ತೋಟದಲ್ಲಿ ಬಿದ್ದಿರುವಾಗ ನೀರು ಕಾಯಿಸಲು ದುಡ್ಡು ಕೊಟ್ಟು ಅನಿಲ ಸುಡುವವರು ಯಾರು? ಮಾಗಿಯ ಚಳಿಯಲ್ಲಿ 'ಬಾ ಮಗ, ಒಲೆ ಮುಂದೆ ಕೂತ್ಕೋ, ಚಳಿ ಬಿಡ್ತದೆ' ಎಂದು ಅಜ್ಜಿ ಕರೆಯುವುದು ಪ್ರೀತಿಯಿಂದಲೇ. ಶಾಲೆಗೆ ಹೊರಡುವ ಮುನ್ನ ಮಕ್ಕಳು ಒಂದು ಕೈಯಲ್ಲಿ ಪುಸ್ತಕ ಹಿಡಿದು ಇನ್ನೊಂದು ಕೈಯಲ್ಲಿ ಗರಿ ನೂಕುತ್ತ ಅಲ್ಲೇ ಕೂರುತ್ತಾರೆ. ಬಚ್ಚಲು ಹಿತ್ತಲಿನಲ್ಲಿ ಬಯಲಿಗೆ ತೆರೆದಿದ್ದರೆ ಹೊಗೆ ಚದುರುತ್ತದೆ. ಮನೆಗೆ ಅಂಟಿಕೊಂಡಿದ್ದರೆ ಅಡುಗೆಮನೆಯಿಂದ ಹೊರಟ ಹೊಗೆ ಬಚ್ಚಲ ಬಾಗಿಲಿನಿಂದ ಮತ್ತೆ ಒಳಗೆ ಬಂದಂತೆಯೇ.

ಅರ್ಧ ಇಳಿದರೆ ಸಾಕೇ?

ಹೊಗೆ ಸ್ವಲ್ಪ ಕಡಿಮೆಯಾದರೂ ಲಾಭವಲ್ಲವೇ ಎಂದು ಯಾರಾದರೂ ಕೇಳಬಹುದು. ವಿಜ್ಞಾನಿಗಳು ಕೊಡುವ ಉತ್ತರವನ್ನು ಬಾವಿಯ ಉಪಮೆಯಲ್ಲಿ ಹೇಳಬಹುದು. ಬಾವಿಯಲ್ಲಿ ಎರಡಾಳು ನೀರಿದ್ದದ್ದು ಒಂದೂವರೆ ಆಳಿಗೆ ಇಳಿದರೆ ಈಜು ಬಾರದವನಿಗೆ ಲಾಭ ಕಡಿಮೆ. ಸೊಂಟದಮಟ್ಟಕ್ಕೆ ಇಳಿದರೆ ಬದುಕುತ್ತಾನೆ. ಹೊಗೆಯೂ ಹೀಗೆಯೇ. ತೀರ ಹೆಚ್ಚಿರುವ ಹೊಗೆಯನ್ನು ಅರ್ಧ ಮಾಡಿದರೆ ಕಾಯಿಲೆ ಅರ್ಧವಾಗುವುದಿಲ್ಲ. ಬಹುಪಾಲು ಲಾಭ ಕೊನೆಯ ಮೆಟ್ಟಿಲುಗಳಲ್ಲಿದೆ.

ಮಧ್ಯ ಅಮೆರಿಕದ ಗ್ವಾಟೆಮಾಲಾದ ಬೆಟ್ಟಸೀಮೆಯಲ್ಲಿ ಕೊಳವೆ ಒಲೆಗಳನ್ನು ಕೊಟ್ಟು ಶಿಶುಗಳನ್ನು ಗಮನಿಸಿದ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಶಿಶುಗಳು ಸೇವಿಸುವ ಹೊಗೆ ಸುಮಾರು ಅರ್ಧಕ್ಕಿಳಿದಿತ್ತು. ತೀವ್ರ ನ್ಯುಮೋನಿಯಾ ಮೂರನೆಯ ಒಂದು ಪಾಲಿನಷ್ಟು ತಗ್ಗಿತು. ಒಟ್ಟಾರೆ ನ್ಯುಮೋನಿಯಾ ಖಚಿತವಾಗಿ ತಗ್ಗಿತೆಂದು ಹೇಳಲಾಗಲಿಲ್ಲ. ಆಮೇಲೆ ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾಗಳ ಸುಮಾರು 3,200 ಮನೆಗಳಲ್ಲಿ ನಡೆದ ಪ್ರಯೋಗದಲ್ಲಿ ಅರ್ಧದಷ್ಟು ಬಸುರಿಯರಿಗೆ ಅಡುಗೆ ಅನಿಲವನ್ನೇ ಉಚಿತವಾಗಿ ಕೊಡಲಾಯಿತು. ಹೊಗೆ ಬಹಳ ಇಳಿಯಿತು. ಆದರೂ 2022ರಿಂದೀಚೆಗೆ ಪ್ರಕಟವಾದ ಫಲಿತಾಂಶಗಳಲ್ಲಿ ಶಿಶುಗಳ ಜನನ ತೂಕದಲ್ಲಾಗಲಿ, ಮೊದಲ ವರ್ಷದ ತೀವ್ರ ನ್ಯುಮೋನಿಯಾದಲ್ಲಾಗಲಿ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಹಾಗೆಂದು ಹೊಗೆ ನಿರಪಾಯವೇನಲ್ಲ. ಶಿಶುವಿನ ಆರೋಗ್ಯ ತಾಯಿಯ ಊಟ, ಲಸಿಕೆ, ನೀರು, ಪಕ್ಕದ ಮನೆಯ ಹೊಗೆ ಎಲ್ಲಕ್ಕೂ ಕಟ್ಟಿಕೊಂಡಿದೆ. ತಾಯಿಯ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಕೂಡಿದ ಮಸಿಯ ಲೆಕ್ಕ ಒಂದೆರಡು ವರ್ಷದ ಪ್ರಯೋಗದಲ್ಲಿ ಚುಕ್ತಾ ಆಗುವುದೂ ಇಲ್ಲ.

ಅಡುಗೆಮನೆಯ ಭೂಗೋಳ

ಕುಣಿಗಲ್ ಸೀಮೆಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಕೆರೆಯನ್ನೂ ದುರ್ಗವನ್ನೂ ತೋರಿಸಲಿ. ಜೊತೆಗೆ ಊರಲ್ಲಿ ಪರಿಚಿತರ ಮನೆಯಿದ್ದರೆ ಒಂದು ಹೊತ್ತು ಅಡುಗೆಮನೆಯಲ್ಲೂ ಕೂರಿಸಲಿ. ಸೂರು ನೋಡಿದರೆ ಆ ಮನೆಯ ಒಲೆಯ ಚರಿತ್ರೆ ತಿಳಿಯುತ್ತದೆ. ಸುಣ್ಣ ಬಳಿದ ಗೋಡೆಯ ಮೇಲೆ ಕಪ್ಪು ಎಲ್ಲಿಗೆ ನಿಂತಿದೆ? ಕೊಳವೆ ಇದೆಯೇ, ಅದರೊಳಗೆ ದಾರಿ ಇದೆಯೇ? ಕಿಟಕಿ ಒಲೆಯ ಎದುರಿಗಿದೆಯೋ ಬೆನ್ನಿಗಿದೆಯೋ? ಬೆಳಗಿನಿಂದ ರಾತ್ರಿವರೆಗೆ ಮನೆಯಲ್ಲಿ ಎಷ್ಟು ಬಾರಿ ಬೆಂಕಿ ಹೊತ್ತುತ್ತದೆ, ಎಲ್ಲೆಲ್ಲಿ, ಯಾವುದರಿಂದ? ಪ್ರತಿ ಬೆಂಕಿಯ ಮುಂದೆ ಕೂರುವವರು ಯಾರು? ಒಂದು ಪೆನ್ಸಿಲ್, ಒಂದು ಹಾಳೆ ಇದ್ದರೆ ಹೈಸ್ಕೂಲು ಹುಡುಗನೋ ಹುಡುಗಿಯೋ ಮಾಡಬಹುದಾದ ಸಮೀಕ್ಷೆ ಇದು. 1970ರ ದಶಕದಲ್ಲಿ ವಿಜ್ಞಾನಿಗಳು ಇದೇ ಹಳ್ಳಿಗಳಲ್ಲಿ ಮಾಡಿದ್ದೂ ಇದೇ ಜಾತಿಯ ಕೆಲಸ.

ಆ ಹಾಳೆ ನೋಡಿದವರಿಗೆ ಮುಂದಿನ ದಾರಿ ತಾನಾಗಿ ಕಾಣಿಸೀತು. ಒಂದು ಮನೆಗೆ ಬೇಕಾದದ್ದು ಇನ್ನೆರಡು ಸಿಲಿಂಡರಿನ ಹಣ. ಇನ್ನೊಂದಕ್ಕೆ ನೀರೊಲೆಯನ್ನು ಹಿತ್ತಲಿಗೆ ಸರಿಸುವುದು, ಅನುಕೂಲವಿದ್ದರೆ ಸೋಲಾರ್ ಹೀಟರ್. ಮತ್ತೊಂದಕ್ಕೆ ಎರಡು ತಿಂಗಳಿಗೊಮ್ಮೆ ಏಣಿ ಹಾಕಿ ಕೊಳವೆ ತೆಗೆದು ಕೊಡವುವ ಗಂಡಸು. ಎಲ್ಲ ಮನೆಗೂ ಒಂದೇ ಒಲೆ ಎಂಬ ಮಾತು ಈ ಸೀಮೆಯಲ್ಲೇ ಪರೀಕ್ಷೆಯಾಗಿ ಬಿದ್ದುಹೋಗಿದೆ.

ಹೊಸ ಒಲೆ ಮನೆಗೆ ಬಂದ ದಿನ ಎಲ್ಲರಿಗೂ ನೆನಪಿರುತ್ತದೆ. ಅರಿಸಿನ ಕುಂಕುಮ ಹಚ್ಚಿ, ಹಾಲುಕ್ಕಿಸಿ, ಇಲಾಖೆಯ ಪಟ್ಟಿಯಲ್ಲಿ ಹೆಸರೂ ಬರೆಸಿದ್ದಾರೆ. ಹಳೆಯ ಒಲೆ ಕೊನೆಯ ಬಾರಿಗೆ ಆರಿದ ದಿನ ಯಾವ ಪಟ್ಟಿಯಲ್ಲೂ ಇಲ್ಲ. ತಾಯಿಯ ಎದೆಗೂ ಕೂಸಿನ ಉಸಿರಿಗೂ ಬಿಡುವು ಶುರುವಾಗುವುದು ಆ ದಿನದಿಂದ. ಉಂಗ್ರ, ಪುರಗಳ ದಾರಿಯಲ್ಲಿ ಸಂಜೆ ಆರರ ಹೊತ್ತಿಗೆ ನಡೆದುಹೋಗುವವರು ಹೆಂಚಿನ ಸಂದುಗಳತ್ತ ಒಮ್ಮೆ ತಲೆಯೆತ್ತಿ ನೋಡಿದರೆ, ಯಾವ ಮನೆಗೆ ಆ ದಿನ ಬಂದಿದೆ, ಯಾವುದಕ್ಕೆ ಇನ್ನೂ ಬರಬೇಕಾಗಿದೆ ಎಂಬುದು ಗೊತ್ತಾಗುತ್ತದೆ.